ಅಂಟಿಸಿಟ್ಟ ನಡೆ

ಸೇರಿರುವ ಹಿರಿಯರೇ, ಪ್ರೆಸ್ಸಿನ ಗೆಳೆಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮೇಷ್ಟ್ರ ಅಕ್ಕನವರೇ — ಎಲ್ಲರಿಗೂ ನಮಸ್ಕಾರ. ದುಃಖದ ಸಭೆ ಇದು, ಗೊತ್ತು. ಆದರೆ ನಾನು ಎದ್ದು ನಿಂತಿರುವುದು ಬರೀ ದುಃಖ ಹೇಳಿಕೊಳ್ಳಲಿಕ್ಕಲ್ಲ — ಇಗೋ, ಈ ಲಕೋಟೆಗಾಗಿ!

ನಮ್ಮ ಪ್ರೂಫ್ ಮೇಷ್ಟ್ರು — ಆರು ವರ್ಷ ಅವರ ಎದುರು ಮೇಜಿನಲ್ಲಿ ಕರಡು ತಿದ್ದಿದವಳು ನಾನು — ಚೆಸ್ ಕಲಿತದ್ದು ಏಳನೇ ವಯಸ್ಸಿನಲ್ಲಿ, ಇದೇ ಅಕ್ಕನಿಂದ. ಕೂತ ಕೂಡಲೇ ಮಂತ್ರಿಯನ್ನು ಓಡಿಸುವುದು, ಕಳೆದುಕೊಳ್ಳುವುದು. ಅಕ್ಕ ತಲೆಗೆ ಮೊಟಕುತ್ತಿದ್ದರಂತೆ: "ಮಂತ್ರೀನ ಒಂದ್ಗಳಿಗೆ ಮನೇಲಿ ಕೂರ್ಸೋಕಾಗಲ್ವೇನೋ?"

ಅಂದಿನಿಂದ ಸೋತ ಆಟಗಳನ್ನು ಮಾತ್ರ ಬರೆದಿಟ್ಟರು. ಗೆದ್ದದ್ದು ಒಂದೂ ಇಲ್ಲ! ತಪ್ಪು ನಡೆಗೆ ಕೆಂಪು ಶಾಯಿ, ಅಂಚಿನಲ್ಲಿ ತಿದ್ದುಪಡಿ — ಥೇಟ್ ನಮ್ಮ ಕರಡಿನ ಹಾಗೆ. ಇಪ್ಪತ್ತೇಳು ನೋಟ್‌ಬುಕ್. ಮೊದಲನೆಯದರಲ್ಲಿ ಪುಟವೆಲ್ಲ ಕೆಂಪು. ಕೊನೆಯದರಲ್ಲಿ ಹುಡುಕಿದರೆ ಒಂದೆರಡು ಚುಕ್ಕಿ. ನಲವತ್ತಕ್ಕೆ ಊರಿನ ಪಂದ್ಯ ಗೆದ್ದರು. ಐವತ್ತಕ್ಕೆ, ಹೊರಗಿನಿಂದ ಬಂದ ದೊಡ್ಡ ಆಟಗಾರರೊಬ್ಬರ ಬೆವರಿಳಿಸಿದರು. ಅಕ್ಕನನ್ನು ಮಾತ್ರ ಸೋಲಿಸಿದ್ದು — ಒಮ್ಮೆಯೂ ಇಲ್ಲ. ಒಮ್ಮೆಯೂ!

ಭಾನುವಾರ ಅಕ್ಕ-ತಮ್ಮನ ಆಟ ಮುಗಿಯದಿದ್ದರೆ ಒಂದು ಪದ್ಧತಿ. ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಅಂಟಿಸಿ, ಮೂರನೆಯವರ ಕೈಗೆ ಕೊಡುವುದು. ಅವರ ಕೊನೆಯ ಆಟದ ಲಕೋಟೆಯನ್ನು ಸೋಮವಾರ ಆಫೀಸಿನಲ್ಲಿ ನನಗೇ ಕೊಟ್ಟರು.

"ನಂಗ್ಯಾಕೆ ಸಾರ್? ಮಗು ನಿದ್ದೆ ಕೊಡ್ತಿಲ್ಲ, ಎಲ್ಲಿಟ್ಟೆ ಅಂತ ಮರ್ತೇಬಿಡ್ತೀನಿ."

"ನಿಮ್ಮಷ್ಟು ಹೆದ್ರೋರು ಈ ಆಫೀಸಲ್ಲೇ ಇಲ್ಲಮ್ಮ. ಕಳೆಯೋ ಮಾತೇ ಇಲ್ಲ!"

ಬುಧವಾರ ಅವರು ಹೋಗಿಯೇಬಿಟ್ಟರು. ಅಲ್ಲಿಂದ ಇಲ್ಲಿಯವರೆಗೆ, ಮಗುವಿನ ಉಸಿರು ಮುಟ್ಟಿ ನೋಡಿದಷ್ಟೇ ಸಲ ಈ ಲಕೋಟೆಯನ್ನೂ ಮುಟ್ಟಿ ನೋಡಿದ್ದೇನೆ.

ಹಲಗೆ ಇಲ್ಲೇ ಇದೆ, ಅವರು ಬಿಟ್ಟು ಎದ್ದ ಹಾಗೆಯೇ. ಮಂತ್ರಿಯಿಂದ ಚೆಕ್ ಕೊಡಬಹುದು — ಆಟ ಬಾರದ ನನಗೂ ಕಾಣುತ್ತದೆ. ಸಭೆಗೆ ಮುಂಚೆ ಅಕ್ಕ ಕಿವಿಯಲ್ಲಿ ಹೇಳಿದರು: "ಮಂತ್ರಿ ಓಡ್ಸಿದ್ರೆ ನಾನು ಗೆದ್ದೆ. ಕಾಲಾಳು ತಳ್ಳಿದ್ರೆ ಅವನು."

ಅಕ್ಕಾ, ಒಡೆಯಲೇ? —

ಕಾಲಾಳು! ಕಾಲಾಳು ಒಂದು ಮನೆ ಮುಂದಕ್ಕೆ!

ಏನಂದಿರಿ ಅಕ್ಕಾ? — ಹಿಂದಿನವರಿಗೆ ಕೇಳಿಸಿತೇ? "ಕೂರ್ಸಿಬಿಟ್ಟ ಕಣಮ್ಮಾ, ಮಂತ್ರೀನ ಕೂರ್ಸಿಬಿಟ್ಟ!" ಅನ್ನುತ್ತಿದ್ದಾರೆ. ನೋಡಿ — ಅಕ್ಕ ಸೋಲೊಪ್ಪಿ ತಮ್ಮದೇ ರಾಜನನ್ನು ಹಲಗೆಯ ಮೇಲೆ ಮಲಗಿಸಿಯೇಬಿಟ್ಟರು.

ಮೇಷ್ಟ್ರೇ, ಈ ಆಟಕ್ಕೆ ನಿಮ್ಮ ನೋಟ್‌ಬುಕ್ಕಿನಲ್ಲಿ ಜಾಗವಿಲ್ಲ.

ಎಲ್ಲರೂ ಏಳೋಣ. ಎರಡು ನಿಮಿಷ — ಎದುರಾಳಿ ಯೋಚಿಸುವಾಗ ಸುಮ್ಮನಿರುತ್ತೇವಲ್ಲ, ಹಾಗೆ.