ದುಂಡು ಮೇಜಿನ ದುಂಡಾವರ್ತಿ

ಮಳೆ ಬಿಡುವಂತಿರಲಿಲ್ಲ. ದಿಗ್ಗೇವಾಡಿಗೆ ಹೋಗುವ ಸಂಜೆಯ ಬಸ್ಸು ಬಂದಿರಲಿಲ್ಲ. ನಾವು ಏಳೆಂಟು ವಿದ್ಯಾರ್ಥಿಗಳು ಕಾಲೇಜಿನ ಕ್ಯಾಂಟೀನಿನಲ್ಲಿ ಚಹಾ ಹಿಡಿದು ಒಂದೇ ಬೆಂಚಿನಲ್ಲಿ ಕುಳಿತಿದ್ದೆವು; ನಮ್ಮ ತರಗತಿಯ ಪ್ರಾಜಕ್ತಾ ಮೂಲೆಯ ಬೆಂಚಿನಲ್ಲಿದ್ದಳು. ನಮ್ಮ ಹಳೆಯ ತರಗತಿಗಳಿಗೂ ದುಂಡು ಮೇಜು, ಗಾಲಿ ಹಚ್ಚಿದ ಕುರ್ಚಿ ಬರುತ್ತವಂತೆ ಎಂದು ಹರಟುತ್ತಿದ್ದಾಗ, ಬೇರೊಂದು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ, ಅದೇ ಬಸ್ಸಿಗೆ ಕಾಯುತ್ತಿದ್ದ ತವನಪ್ಪ ಮಾಸ್ತರು ಬಶಿಯನ್ನು ಟಣ್ಣೆಂದು ಕುಕ್ಕಿದರು.

“ನಗಬ್ಯಾಡ್ರಿ ತಮ್ಮಾ... ನಾ ಕಲ್ತು, ಮುಂದ ಕಲಿಸಿದ ಕಾಲೇಜ ಕೃಷ್ಣಾ ಹೊಳಿ ದಂಡಿಗಿತ್ತು. ನೆಲಕ್ಕ ಜಡದ ಬೆಂಚು, ಮಾಸ್ತರಗ ಎತ್ತರದ ಕಟ್ಟಿ. ನಾ ಕಲಿಯೂವಾಗ ನನ್ನ ವರ್ಗದಾಗ ಸುಮೇಧ ಅಂತ ಒಬ್ಬ ಹುಡುಗ. ಅವನ ಕೇರಿ ಯಾವದಂತ ಗೊತ್ತಾಗಿದ್ದ ತಡ, ಯಾವ ಬೆಂಚಿನ್ಯಾಗೂ ಜಾಗಾ ಇಲ್ಲ! ಹಿಂದಿನ ಗ್ವಾಡಿಗೆ ನಿಂತ ಪಾಠಾ ಕೇಳ್ತಿದ್ದ. ಒಂದಿನ ಸೀದಾ ಬಂದು ಮುಂದಿನ ಬೆಂಚಿನ್ಯಾಗ ಕುಂತಬಿಟ್ಟ. ಮರುದಿನ ಹೊಳ್ಯಾಗ ಹೆಣಾ ತೇಲಿತು. ಕಾಲ ಜಾರಿತು ಅಂದ್ರು... ಜಾರಿತ್ತೋ, ಜಾರಿಸಿದ್ರೋ? ಕೇಳಾವ್ರ ಯಾರು?

ನಾ ರಿಟೈರ ಆಗೂ ವರ್ಷ ಆ ಬೆಂಚ ಕಿತ್ತರು, ಕಟ್ಟಿ ಒಡದರು, ‘ಕೂಡಿ ಕಲಿಯೋಣ’ ಅಂತ ಬೋರ್ಡ ಬಡದರು. ಸಾಹೇಬ್ರು ರಿಬ್ಬನ್ನ ಕತ್ತರಿಸಿದ್ರು, ಜಾತಿ ಯಾರ ಕತ್ತರಿಸಬೇಕ್ರೀ? ದುಂಡ ಮೇಜ ಬಂತು, ದುಂಡಾವರ್ತಿ ಹೋಗಲಿಲ್ಲ! ಮೊದಲನೇ ದಿನಾನ ಒಂದೊಂದ ಓಣಿಯವ್ರು ಒಂದೊಂದ ಮೇಜ ಹಿಡದರು. ಕಬ್ಬೂರ ತುಕಾರಾಮನ ಮಗಳು ಭಾಗ್ಯಾ, ಸುಮೇಧನ ಕೇರಿಯಾಕಿ, ಒಬ್ಬಾಕೀನ ಒಂದ ಮೇಜಿಗೆ. ಮಾರ್ಕ್ಸ ಗುಂಪಿಗೆ ಕೊಡೂದು, ಗುಂಪಿಲ್ಲಂದ್ರ ಫೇಲು. ಮೊದಲೆಲ್ಲಾ ಬೆಂಚಿನ್ಯಾಗ ಮಂದಿ ಬೆನ್ನ ಕಾಣ್ತಿತ್ತು. ಈಗ ಮಾರಿ ಕಾಣ್ತೈತಿ, ಮಾರಿ ತಿರುವೂದೂ ಕಾಣ್ತೈತಿ! ‘ನಾಳಿಂದ ಕಾಲೇಜ ಬಿಡ್ತೇನ್ರಿ ಸರ್’ ಅಂತ ಅತ್ತಳು.

ನಾ ಎಲ್ಲಾರನೂ ಬೈದೆ. ‘ನಮ್ಮ ಗುಂಪ ತುಂಬೈತ್ರಿ’ ಅಂದ ಸುರಜ, ಆ ಹುಡುಗರ ಪುಢಾರಿ. ಆಕಿ ಕಡೆ ತಿರುಗಿ, ‘ನಿನ್ನ ಗುಂಪ ನೀನ ಹುಟ್ಟಿಸ್ಕೊ ಬೇ’ ಅಂದ. ಎಲ್ಲಾರೂ ನಕ್ಕರು. ಆಗ... ಅವನ ಗಾಲಿ ಹಚ್ಚಿದ ಕುರ್ಚಿ ತಂತಾನ ಕರ್ರ್ ಅಂತ ಉರುಳಿತು. ಕಾಲ ಊರಿದ, ಬೂಟ ಉಜ್ಜಿ ಸುಟ್ಟ ವಾಸನಿ ಬಂತು, ನಿಲ್ಲವಲ್ದು! ಅವನ್ನ ಹೊತ್ಕೊಂಡ ಹೋಗಿ ಭಾಗ್ಯಾನ ಮೇಜಿಗೆ ಧಡ್ ಅಂತ ಬಡೀತು. ಹಿಂದ ಇನ್ನೊಂದ ಕುರ್ಚಿ... ಅದರ ಹಿಂದ ಮತ್ತೊಂದ... ಏಳೂಣಂದ್ರ ಏಳಾಕ ಬರವಲ್ದು, ಹೆಗಲ ಮ್ಯಾಲ ಯಾರೋ ಕೈ ಒತ್ತಿದಂಗ. ಸುರಜ ಅಳಕೋತ, ‘ಅಕ್ಕಾ, ನಮ್ಮನ್ನ ನಿನ್ನ ಗುಂಪಿನ್ಯಾಗ ತಗೋಬೇ’ ಅಂದ. ಭಾಗ್ಯಾ ಕಣ್ಣ ಒರಸ್ಕೊಂಡ ಪೆನ್ನ ತಗದಳು. ‘ಹೆಸರಷ್ಟ ಹೇಳ್ರಿ. ಅಡ್ಡಹೆಸರ ಬ್ಯಾಡ.’

ಆಗ ಬಿಟ್ಟ ನೋಡ್ರಿ ಅಂವ, ನಮ್ಮ ಸುಮೇಧ. ಹುಡುಗಿ ಪಾಸಾದಳು, ಈಗ ಅಥಣ್ಯಾಗ ಪಾಠಾ ಹೇಳ್ತಾಳ.”

“ಹಂಗಾರ ಆ ಖೋಲಿ ಶಾಂತ ಆತ್ರಿ ಸರ್?” ಎಂದು ನಾನು ಕೇಳಿದೆ.

“ಖೋಲಿ ಶಾಂತ ಐತಿ. ಆದ್ರ ಅಂವ ಏನ ಒಂದ ಖೋಲಿಗೆ ಕಟ್ಟಬಿದ್ದಾನೇನೋ?” ಮಾಸ್ತರ ದನಿ ಏರಿತು. “ನೀವೆಲ್ಲಾ ಒಂದ ಬೆಂಚಿನ್ಯಾಗ ಒತ್ತರಿಸಿಕೊಂಡ ಕುಂತೀರಿ. ಆ ಪ್ರಾಜಕ್ತಾ ಒಬ್ಬಾಕೀನ ಅಲ್ಲ್ಯಾಕ ಕುಂತಾಳಲೇ? ಏಳ್ರಿ, ಆ ಬೆಂಚಿಗೆ ಹೋಗ್ರಿ... ಲಗೂನ ಹೋಗ್ರಿ. ಇಷ್ಟೊತ್ತನಕ ಆಕಿ ಮಗ್ಗಲ ಯಾರೂ ಕುಂತಿಲ್ಲಂತ ತಿಳದೀರೇನು?”