ಎಂಬತ್ತನೇ ಪೋರ್ಟು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಗೆ, ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕನ ಫೋನು ಒಂದೇ ಸಮ ಬಡಕೊಳ್ಳುತ್ತಿತ್ತು.

“ಯಾರಕ್ಕಾ ಅದು?”

“ನನ್ನ ಹಳೇ ಮ್ಯಾನೇಜರು. ಲಿನಕ್ಸ್ ಸರ್ವರಿಗೆ ಹೊಸ ಸಾಫ್ಟ್‌ವೇರ್ ಹಾಕ್ಬೇಕಂತೆ. ಅದು ಅಸಲೀನೋ ನಕಲೀನೋ ಅಂತ ನೋಡೋ ಕೀ ಇಳೀತಾನೇ ಇಲ್ವಂತೆ.”

“ನೆಟ್ ಹೋಗಿದ್ಯಾ?”

“ನೆಟ್ ಗುಂಡುಕಲ್ಲಿನ ಹಾಗಿದೆ. ಕೀ ಬರೋ ಪೋರ್ಟನ್ನ, ಅಂದ್ರೆ ಬಾಗಿಲನ್ನ, ಫೈರ್‌ವಾಲಲ್ಲಿ ಅವರೇ ಮುಚ್ಚಿಸಿದ್ದು. ಬೇಡ ಸಾರ್ ಅಂದಿದ್ದಕ್ಕೆ ಎಲ್ಲರೆದುರು ನನ್ನ ಮರ್ಯಾದೆ ಹರಾಜು ಹಾಕಿ ಮನೆಗೆ ಕಳಿಸಿದ್ರು.”

“ಈಗ ಅದನ್ನ ತೆಗೀಬೇಕಾ?”

“ತೆಗೆಯೋದೂ ಬೇಡ. ವೆಬ್‌ಸೈಟಿಗೆ ಅಂತ ಎಂಬತ್ತನೇ ಪೋರ್ಟ್ ತೆರೆದೇ ಇದೆ. ಕೀ ಕೊಡೋ ಸರ್ವರಿನ ವಿಳಾಸದ ಕೊನೆಗೆ ಎಂಬತ್ತು ಅಂತ ಸೇರಿಸಿದ್ರೆ ಮುಗೀತು.”

“ಹೇಳ್ಬಿಡು, ಪಾಪ.”

“ಪಾಪನಾ? ಬೆವರಿಳೀಲಿ. ನನ್ನ ಉರಿ ಇನ್ನೂ ಆರಿಲ್ಲ ಕಣೋ.”

ನರ್ಸು ಕರೆದಳು. ಅಕ್ಕ ಎದ್ದು ಫೋನನ್ನು ತಮ್ಮನ ಕೈಗೆ ತುರುಕಿದಳು.

“ಮತ್ತೆ ಮಾಡಿದ್ರೆ, ರೀಸ್ಟಾರ್ಟ್ ಮಾಡಿ ನೋಡಿ ಅನ್ನು.”

“ಅದ್ರಿಂದ ಸರಿಹೋಗುತ್ತಾ?”

“ಎಲ್ಲಿ ಹೋಗುತ್ತೆ! ನಾನು ಏನೇ ಕೇಳಿದ್ರೂ ಅವರು ಹೇಳ್ತಿದ್ದಿದ್ದು ಅದೊಂದೇ.”

ಅವಳು ಒಳಗೆ ಹೋದಳು. ಫೋನು ಮತ್ತೆ ಬಡಕೊಂಡಿತು. ತಮ್ಮ ಅದನ್ನು ಕಿವಿಗಿಟ್ಟುಕೊಂಡು ಬೀದಿಯತ್ತ ನಡೆದ.

“ಸಾರ್, ರೀಸ್ಟಾರ್ಟ್ ಮಾಡಿ ನೋಡಿದ್ರಾ?”

ದರ್ಜಿಗೆ ನಗು ಉಕ್ಕಿ ಬಂತು. ಊದಿದ ಕೆನ್ನೆ ನಗಲು ಬಿಡಲಿಲ್ಲ.