ಪಂಚಮಿಗೆ ಬಂದ ಗೋಲಿನ ಕಂಬ

ನಾಗರ ಪಂಚಮಿಗೆ ತವರಿಗೆ ಹೊರಟ ಪೂರ್ಣಿಮಾ ಉಂಡಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಲೋಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಯಾವುದೋ ಸಾಲಿಯ ಹೆಡ್‌ಮಾಸ್ತರರು, ಜೊತೆಗೆ ಚೆಂಡಿನ ಬಲೆ ಹೆಗಲಿಗೆ ಹಾಕಿಕೊಂಡ ಪಿ.ಟಿ. ಮಾಸ್ತರ. ಕೇಳಬಾರದು ಅಂದುಕೊಂಡರೂ ಮಾತು ಕಿವಿಗೆ ಬೀಳುತ್ತಿತ್ತು.

"ನಾಳೆ ತಾಲೂಕಿನ ಫುಟ್‌ಬಾಲ್ ಟೀಮೆಲ್ಲಾ ನಮ್ಮ ಸಾಲಿಗೆ ಬರ್ತಾವ. ಗೋಲಿನ ಕಂಬ ಇನ್ನೂ ನೆಲದ ಮ್ಯಾಲ ಮಲಗ್ಯಾವಲ್ಲೋ ಕಲ್ಮೇಶ!"

"ಕಂಬ ಬಂದದ್ದ ನಿನ್ನಿ ಸಂಜಿಗ್ರಿ ಸರ್. ಇವತ್ತ ತೆಗ್ಗ ಅಗ್ಯಾಕ ಯಾರೂ ಬರವಲ್ರು. ಪಂಚಮಿ ದಿನ ಭೂಮಿಗೆ ಹಾರಿ-ಗುದ್ದಲಿ ಹಾಕಿದ್ರ ನಾಗಪ್ಪಗ ಬಡೀತೈತಿ ಅಂತಾರ."

"ನಾಳೆ ಮುಂಜಾನಿ ಅಗದ್ರ?"

"ಸಿಮೆಂಟ ಹಿಡಿಯೂದಿಲ್ರಿ. ಚೆಂಡ ಬಡದ್ರ ಕಂಬ ಹುಡುಗೂರ ಮ್ಯಾಲ ಬೀಳತೈತಿ."

"ತಾರೀಖ ಮುಂದ ಹಾಕ್ರಿ ಅಂತ ಬಿ.ಇ.ಓ. ಆಫೀಸಿನ್ಯಾಗ ಕೇಳಬೇಕಿಲ್ಲೋ?"

"ಕೇಳೀನ್ರಿ. ಹಬ್ಬ ಮುಗದ ಮರುದಿನ ಐತಲ್ಲ, ನಿಮಗೇನ ಅಡ್ಡಿ ಅಂದ್ರು."

"ಹಂಗಾರ ನೀನ ಅಗಿ."

"ಹಾರಿ ತರಾಕ ಮನಿಗೆ ಹೋದ್ರ ಅವ್ವ ಅದರ ಮ್ಯಾಲ ಕುಂತಬಿಟ್ಟಾಳ್ರಿ. ಏಳವಲ್ಲಳು."

ಹೆಡ್‌ಮಾಸ್ತರರು ಬಸ್ಸು ಬರುವ ದಾರಿ ನೋಡಿದರು. ಆಮೇಲೆ ಕಲ್ಮೇಶನೇ ಅಂದ:

"ನೀವು ಒಮ್ಮಿ 'ಅಗಿ' ಅಂತ ಗಟ್ಟಿಯಾಗಿ ಅನ್ರಿ ಸರ್. ಅವ್ವನ್ನ ಎಬ್ಬಿಸಿ, ನಿಮ್ಮ ಹೆಸರ್ಲೇ ಅಗೀತೇನಿ."

"ನನ್ನ ಹೆಸರ ಬ್ಯಾಡೋ ಮಾರಾಯಾ! ನಮ್ಮ ಮನ್ಯಾಗ ಸೊಸಿ ತುಂಬಿದ ಬಸರಿ."

ಬಸ್ಸು ಬಂತು. ಬಾಗಿಲಿಗೆ ಸಿಕ್ಕಿದ ಬಲೆ ಬಿಡಿಸಿಕೊಳ್ಳುತ್ತಾ ಕಲ್ಮೇಶ ಕೇಳಿದ:

"ಮತ್ತ ನಾಳಿಗೆ ಹೆಂಗ್ರಿ?"

ಮುಂದೆ ಹತ್ತಿದ್ದ ಹೆಡ್‌ಮಾಸ್ತರರು ತಿರುಗಿ ನೋಡಲಿಲ್ಲ.

"ನಾಗಪ್ಪಗ ಕೈ ಮುಗಿ. ನಾಳೆ ಮಳಿಯಾರ ಬರಲಿ."